ಪೆಟ್ಟಿಗೆಗೆ ನೀರು ಕುಡಿಸಿದ್ದು

ಹೊಸ ಪೆಟ್ಟಿಗೆ ಬಂತು ಮುಹರಖ್‌ನ ಈ ಮನೆಗೆ.
ಹೊರಗೆ ಮುಖ ಕಾಣುವಷ್ಟು ಮೆರುಗು, ಹಿತ್ತಾಳೆ ಬೀಗ,
ಒಳಗೆ ಬಣ್ಣ ಕಾಣದ ಬೋಳು ದೇವದಾರು.
ಬಾಬಾ ಜಾಸಿಮ್ ಮುಚ್ಚಳ ಎತ್ತಿ ಮೂಸಿದರು.
(ಯಜಮಾನರಿಗೆ ಇಲ್ಲಿ ಬಾಬಾ ಅನ್ನಬೇಕು,
ನನಗಿಂತ ಹನ್ನೆರಡೇ ವರ್ಷ ದೊಡ್ಡವರು.)
ಸಿಗಾರಿನ ಕಟ್ಟು ಆಗಲೇ ಕೈಯಲ್ಲಿತ್ತು.

ತಡೀರಿ, ಅಂದೆ.
ಬಾಯಾರಿದ ಮರ ಇದು. ಈಗ ಇಟ್ಟರೆ
ಎಲೆಯನ್ನೇ ಕುಡಿದುಬಿಡುತ್ತದೆ.

ನಲವತ್ತು ವರ್ಷ ಬ್ಯಾಂಕಿನಲ್ಲಿದ್ದವರು.
ಮನೆಗೆಲಸದವಳ ಬಾಯಲ್ಲಿ 'ತಡೀರಿ' ಕೇಳಿದ್ದು
ಅದೇ ಮೊದಲಿರಬೇಕು.
ಕೂತರು.

ನಲ್ಲಿ ನೀರು ಬೇಡ,
ಕೆಟಲಿನ ತಳಕ್ಕೆ ಬಿಳಿ ಪೊರೆ ಕಟ್ಟುವ ನೀರು ಅದು.
ಫಾರ್ಮಸಿಯಿಂದ ಡಿಸ್ಟಿಲ್ಡ್ ವಾಟರ್ ತರಿಸಿದೆ.
ಮರವನ್ನು ಒದ್ದೆ ಬಟ್ಟೆಯಲ್ಲಿ ಒರೆಸಬೇಕೆಂದು ಕೆಲವರು,
ಕೂಡದೆಂದು ಕೆಲವರು. ನಾನು ಒರೆಸಲಿಲ್ಲ.
ಸಾಸರಿನಲ್ಲಿ ಸ್ಪಂಜು ನೆನೆಸಿಟ್ಟು ಮುಚ್ಚಿದೆ.
ಕುಡಿಸಿದರೆ ಉಬ್ಬುತ್ತದೆ,
ತಾನಾಗಿ ಕುಡಿಯಲಿ. ಹದಿನಾಲ್ಕು ದಿನ.

ಹೊರಗೆ ಆಗಸ್ಟ್.
ಬಾಗಿಲು ತೆರೆದರೆ ಕನ್ನಡಕಕ್ಕೆ ಹಬೆ,
ತಂತಿಯ ಮೇಲಿನ ಬಟ್ಟೆ ಮೂರು ದಿನವಾದರೂ ಒಣಗದು.
ಗೋಡೆಯ ಈ ಕಡೆ ಏಸಿ ತುಟಿ ಒಡೆಸುತ್ತದೆ.
ಬೀದಿಯಲ್ಲಿ ಬಿಟ್ಟಿ ಬಿದ್ದಿರುವ ತೇವವನ್ನು
ಒಳಗೆ ಬಾಟಲಿಯಲ್ಲಿ ಕೊಂಡು ತಂದು,
ಚಮಚದಲ್ಲಿ ಅಳೆದು ಸುರಿಯುವ ಕೆಲಸ ನನ್ನದು.

ಹದಿನೇಳು ವರ್ಷ ಬೀಡಿ ಕಟ್ಟಿದವಳು,
ತೊಕ್ಕೊಟ್ಟಿನ ಬ್ರಾಂಚಿಗೆ.
ರಾತ್ರಿ ನೆನೆಸಿದ ಎಲೆ, ಬೆಳಗ್ಗೆ ಗೋಣಿಯ ಒಳಗೆ.
ಒಣಗಿದರೆ ಕತ್ತರಿಗೆ ಸಿಗದೆ ಪುಡಿ,
ಹೆಚ್ಚಾದರೆ ಬೂಷ್ಟು.
ನಡುವಿನ ಹದ ತೋರಿಸಲು ಮುಳ್ಳಿರಲಿಲ್ಲ, ಗಾಜಿರಲಿಲ್ಲ,
ಹೆಬ್ಬೆರಳು ಇತ್ತು.
ತಪ್ಪಿದರೆ ಚೆಕ್ಕರ್ ವಿಶ್ವನಾಥ
ಕಟ್ಟನ್ನು ಮೂಲೆಗೆ ಎಸೆಯುತ್ತಿದ್ದ.
ಎಸೆದದ್ದನ್ನು ಸಂಜೆ ತಾನೇ ಮಾರುತ್ತಿದ್ದ.
ಒಂದು ಸಿಗಾರಿಗೆ ಎಷ್ಟು ಸಾವಿರ ಬೀಡಿ ಎಂಬ ಲೆಕ್ಕ
ಹಾಕಬಾರದು ಅಂದುಕೊಂಡಿದ್ದೆ.
ಮೊದಲ ದಿನವೇ ಹಾಕಿ ಮುಗಿಸಿದ್ದೇನೆ.

ಈ ಪೆಟ್ಟಿಗೆಗೋ ಗಡಿಯಾರದಂಥ ಮುಳ್ಳಿದೆ.
ನಂಬುವ ಮೊದಲು ಪರೀಕ್ಷೆ:
ಬಾಟಲಿಯ ಮುಚ್ಚಳದಲ್ಲಿ ಉಪ್ಪು, ಉಪ್ಪು ನೆನೆಯುವಷ್ಟೇ ನೀರು,
ಪಕ್ಕದಲ್ಲಿ ಈ ಮುಳ್ಳು,
ಎರಡನ್ನೂ ಜಿಪ್ ಚೀಲದಲ್ಲಿ ಕಟ್ಟಿ ಒಂದು ಹಗಲು, ಒಂದು ರಾತ್ರಿ.
ಎಪ್ಪತ್ತೈದು ತೋರಿಸಬೇಕು.
ತೋರಿಸಿದ್ದು ಎಪ್ಪತ್ತೊಂದು.
ಹಿಂಬದಿಗೆ ಚೀಟಿ ಅಂಟಿಸಿದೆ, ಕನ್ನಡದಲ್ಲಿ:
ನಾಲ್ಕು ಕೂಡಿಸಿ.

ಏನಿದು, ಅಂದರು ಬಾಬಾ.
ಇದು ಸುಳ್ಳು ಹೇಳುತ್ತದೆ, ಅಂದೆ
ನನ್ನ ಅಡುಗೆಮನೆಯ ಅರಬಿಯಲ್ಲಿ,
ಆದರೆ ದಿನಾ ಅಷ್ಟೇ ಸುಳ್ಳು. ತೊಂದರೆಯಿಲ್ಲ.
ಮಾಮಾ ನೂರಾ ಸೋಫಾದಿಂದಲೇ ನಕ್ಕರು.
ಒಂದನ್ನೂ ಮುಟ್ಟುವುದಿಲ್ಲ, ಬರೀ ನೋಡಲು ಇಟ್ಟಿದ್ದೇನೆ ಎಂದು
ಬಾಬಾ ಡಾಕ್ಟರಿಗೆ ಹೇಳಿದ್ದು ಹೋದ ತಿಂಗಳು.

ಮೂರು ಸಲ ಸ್ಪಂಜು ಒಣಗಿತು, ಮೂರು ಸಲ ನೆನೆಸಿದೆ.
ಆಮೇಲೆ ಮರಕ್ಕೆ ಸಾಕಾಯಿತು.
ಮುಳ್ಳು ಅರವತ್ತಾರಕ್ಕೆ ಬಂದು ನಿಂತಿತು, ಅಂದರೆ ಎಪ್ಪತ್ತು.

ಅಡುಗೆ ಕಪಾಟಿನ ಡಬ್ಬಿಯಿಂದ
ಕಟ್ಟನ್ನು ಹೊರತೆಗೆದೆ.
ಒಂದನ್ನು ಕಿವಿಯ ಬಳಿ ಹಿಡಿದು ಮೆಲ್ಲಗೆ ಒತ್ತಿದೆ,
ಚಟ್ ಎನ್ನಲಿಲ್ಲ.
ನಾನು ಹೇಳದೆಯೇ ಬೆರಳುಗಳು ಅದನ್ನು
ಒಂದು ಸುತ್ತು ಉರುಳಿಸಿಬಿಟ್ಟವು.
ಬಾಬಾ ನೋಡುತ್ತಿದ್ದರು.
ಎಲ್ಲಿ ಕಲಿತೆ ಲೈಲಾ?
(ಲೀಲಾವತಿ ಅವರ ನಾಲಗೆಗೆ ಉದ್ದ.)
ತೊಕ್ಕೊಟ್ಟಿನಲ್ಲಿ.
ಅದು ಕ್ಯೂಬಾದಲ್ಲಿ ಯಾವ ಕಡೆ?
ತುಸು ದಕ್ಷಿಣಕ್ಕೆ, ಅಂದೆ.
ತಿಳಿದವರಂತೆ ತಲೆದೂಗಿದರು.

ಸಾಲಾಗಿ ಜೋಡಿಸುತ್ತಾ ಎಣಿಸಿದೆ, ಹಳೇ ಚಾಳಿ.
ಇಪ್ಪತ್ತೈದರ ಕಟ್ಟಿನಲ್ಲಿ ಇಪ್ಪತ್ತೊಂದು.
ಮಾಮಾ ನೂರಾ ಬಾಗಿಲಲ್ಲಿ ನಿಂತು ಕೇಳಿದರು,
ಎಲ್ಲಾ ಸರಿಯಾಗಿದೆಯಾ?

ನಾಲ್ಕು ಕೂಡಿಸಿದೆ.
ಸರಿಯಾಗಿದೆ, ಎಂದು
ಮುಚ್ಚಳ ಹಾಕಿದೆ.